ಶಾಲಾ ಪತ್ರಿಕೆಯ ಕೊನೆಯ ಮಾತು ಯಾರದು?
ಓದುಗರ ಪ್ರಶ್ನೆ, ಕಾನೂನು ಬಲ್ಲವರ ಉತ್ತರ

ಅಮೆರಿಕದ ಹೈಸ್ಕೂಲುಗಳಲ್ಲಿ ಓದುತ್ತಿರುವ ಕನ್ನಡದ ಮಕ್ಕಳ ಮನೆಗಳಿಂದ ಒಂದೇ ವಿಷಯದ ಮೇಲೆ ಹಲವು ಪತ್ರಗಳು ಬಂದಿವೆ. ಹೀಗಾಗಿ ಈ ಸಂಚಿಕೆಯ ಅಂಕಣವನ್ನು ಶಾಲಾ ಪತ್ರಿಕೆಗೇ ಮೀಸಲಿಟ್ಟಿದ್ದೇವೆ. ಕೊನೆಯಲ್ಲಿ ಮೈಸೂರಿನ ಪತ್ರವೂ ಒಂದಿದೆ.

ಪ್ರಶ್ನೆ: ಡಲ್ಲಾಸ್ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ನಮ್ಮ ಮಗಳು ಶಾಲಾ ಪತ್ರಿಕೆಯ ಸಂಪಾದಕಿ. ಕೌನ್ಸೆಲರನ್ನು ಕಾಣಲು ಮಕ್ಕಳು ಎಷ್ಟು ದಿನ ಕಾಯಬೇಕಾಗುತ್ತದೆ ಎಂದು ಅವಳು ಬರೆದ ವರದಿಯನ್ನು ಅಚ್ಚಿಗೆ ಹೋಗುವ ಹಿಂದಿನ ದಿನ ಪ್ರಾಂಶುಪಾಲರು ತೆಗೆಸಿದರು. "ಪತ್ರಿಕೆ ಶಾಲೆಯದು, ತೀರ್ಮಾನವೂ ಶಾಲೆಯದೇ" ಅಂದರಂತೆ. ಇದು ಸರಿಯೇ? ನಾವೇನು ಮಾಡಬಹುದು?
— ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಅವರ ಮಾತು ಅರ್ಧ ಸರಿ. ಉಳಿದರ್ಧ ಎಲ್ಲಿ ತಪ್ಪು ಎಂಬುದು ನಿಮಗೆ ತಿಳಿದಿರಬೇಕು, ಏಕೆಂದರೆ ನಿಮ್ಮ ಮಗಳಿಗೆ ಉಳಿದಿರುವ ಜಾಗ ಅಲ್ಲೇ ಇದೆ.

ಅವರು ನೆಚ್ಚಿಕೊಂಡಿರುವುದು 1988ರ ಜನವರಿ 13ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಹೇಝಲ್‌ವುಡ್ ತೀರ್ಪನ್ನು. ಮಿಸ್ಸೂರಿಯ ಸೇಂಟ್ ಲೂಯಿಸ್ ಕೌಂಟಿಯಲ್ಲಿ ಹೇಝಲ್‌ವುಡ್ ಈಸ್ಟ್ ಎಂಬ ಹೈಸ್ಕೂಲಿದೆ. ಅಲ್ಲಿ ಪತ್ರಿಕೋದ್ಯಮದ ಎರಡನೇ ಹಂತದ ತರಗತಿಯ ಮಕ್ಕಳು 'ಸ್ಪೆಕ್ಟ್ರಮ್' ಎಂಬ ಪತ್ರಿಕೆ ತರುತ್ತಿದ್ದರು. 1982–83ರ ಸಾಲಿನಲ್ಲಿ ಅದರ ಮುದ್ರಣಕ್ಕೆ ತಗುಲಿದ್ದು 4,668 ಡಾಲರ್ 50 ಸೆಂಟ್, ಮಾರಾಟದಿಂದ ಬಂದದ್ದು 1,166 ಡಾಲರ್ 84 ಸೆಂಟ್. ಉಳಿದದ್ದನ್ನು ಶಾಲಾ ಮಂಡಳಿ ಕೊಡುತ್ತಿತ್ತು. 1983ರ ಮೇ 13ರ ಸಂಚಿಕೆಯ ಕರಡು ಪುಟಗಳು ಮೇ 10ರಂದು ಪ್ರಾಂಶುಪಾಲರ ಮೇಜಿಗೆ ಬಂದವು. ಎರಡು ಲೇಖನಗಳಿಗೆ ಅವರ ಆಕ್ಷೇಪವಿತ್ತು. ಒಂದು, ಅದೇ ಶಾಲೆಯ ಮೂವರು ಹುಡುಗಿಯರ ಗರ್ಭಧಾರಣೆಯ ಅನುಭವ. ಹೆಸರು ಬದಲಿಸಿದ್ದರೂ ಯಾರೆಂದು ಗುರುತು ಹತ್ತಬಹುದು ಎಂಬುದು ಅವರ ಅಳುಕು. ಇನ್ನೊಂದು, ತಂದೆತಾಯಿಯರ ವಿಚ್ಛೇದನದಿಂದ ಮಕ್ಕಳ ಮೇಲಾಗುವ ಪರಿಣಾಮ. ಅದರಲ್ಲಿ ಒಬ್ಬ ವಿದ್ಯಾರ್ಥಿನಿ ತಂದೆಯನ್ನು ದೂರಿದ್ದಳು, ತಂದೆಯ ಮಾತು ಕೇಳುವ ಅವಕಾಶವನ್ನೇ ಕೊಟ್ಟಿರಲಿಲ್ಲ. ತಿದ್ದಲು ಹೊತ್ತಿಲ್ಲ, ಶಾಲಾ ವರ್ಷ ಮುಗಿಯುತ್ತಿದೆ ಎಂದು ಪ್ರಾಂಶುಪಾಲರು ಆ ಲೇಖನಗಳಿದ್ದ ಎರಡೂ ಪುಟಗಳನ್ನೇ ತೆಗೆಸಿದರು. ಅವೇ ಪುಟಗಳಲ್ಲಿದ್ದ, ಅವರ ಆಕ್ಷೇಪವೇ ಇಲ್ಲದ ಬೇರೆ ಬರಹಗಳೂ ಹೋದವು. ಮೂವರು ವಿದ್ಯಾರ್ಥಿನಿಯರು ಕೋರ್ಟಿಗೆ ಹೋದರು. ಮೇಲ್ಮನವಿ ಕೋರ್ಟಿನಲ್ಲಿ ಗೆದ್ದು, ಸುಪ್ರೀಂ ಕೋರ್ಟಿನಲ್ಲಿ 5–3ರಿಂದ ಸೋತರು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಇಟ್ಟ ಅಳತೆಗೋಲು ಹೀಗಿದೆ: ಶಾಲೆಯೇ ನಡೆಸುವ ಪತ್ರಿಕೆಯಲ್ಲಿ ಏನು ಬರಬೇಕೆಂದು ಶಾಲೆ ಹಿಡಿತ ಇಟ್ಟುಕೊಳ್ಳಬಹುದು, ಆದರೆ ಆ ಕ್ರಮಕ್ಕೂ ಬೋಧನೆಗೆ ಸಂಬಂಧಿಸಿದ ನ್ಯಾಯವಾದ ಒಂದು ಕಾಳಜಿಗೂ ಸಮಂಜಸವಾದ ನಂಟಿರಬೇಕು. ವ್ಯಾಕರಣ ಕೆಟ್ಟಿದೆ, ಸರಿಯಾಗಿ ಶೋಧಿಸಿಲ್ಲ, ಒಂದು ಕಡೆಗೆ ವಾಲಿದೆ, ಅಶ್ಲೀಲವಾಗಿದೆ, ಚಿಕ್ಕ ವಯಸ್ಸಿನ ಓದುಗರಿಗೆ ತಕ್ಕದ್ದಲ್ಲ ಎನ್ನುವಂಥ ಕಾರಣಗಳನ್ನು ಕೋರ್ಟೇ ಉದಾಹರಿಸಿದೆ. "ನನಗೆ ಇಷ್ಟವಾಗಲಿಲ್ಲ", "ಶಾಲೆಯ ಹೆಸರು ಕೆಡುತ್ತದೆ" ಎಂಬವು ಆ ಪಟ್ಟಿಯಲ್ಲಿಲ್ಲ. ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಬರೆದ ಭಿನ್ನಮತವನ್ನೂ ಮಗಳು ಓದಲಿ. ತೀರ್ಪು ಅವರ ಕಡೆ ಬರಲಿಲ್ಲ ನಿಜ. ಆದರೆ ತಕರಾರಿದ್ದ ಸಾಲಿಗಷ್ಟೇ ಕತ್ತರಿ ಹಾಕಲು ದಾರಿಯಿತ್ತು, ಪುಟಗಳನ್ನೇ ಕಿತ್ತುಹಾಕಬೇಕಿರಲಿಲ್ಲ ಎಂಬ ಅವರ ವಾದ ಇಂದಿಗೂ ಶಾಲಾ ಮಂಡಳಿಯ ಮುಂದೆ ಕೆಲಸಕ್ಕೆ ಬರುತ್ತದೆ.

ಈ ಅಳತೆಗೋಲಿನಿಂದ ನೋಡಿದರೂ ಶಾಲೆ ಸೋಲಬಹುದು. ಮಿಷಿಗನ್‌ನ ಯೂಟಿಕಾ ಹೈಸ್ಕೂಲಿನ ವಿದ್ಯಾರ್ಥಿನಿಯೊಬ್ಬಳು ಶಾಲಾ ಬಸ್ಸುಗಳ ಡೀಸೆಲ್ ಹೊಗೆಯ ವಿರುದ್ಧ ನೆರೆಯವರು ಹೂಡಿದ್ದ ದಾವೆಯ ಬಗ್ಗೆ ಬರೆದ ವರದಿಯನ್ನು 2002ರಲ್ಲಿ ತಡೆದರು. 2004ರಲ್ಲಿ ಫೆಡರಲ್ ಜಿಲ್ಲಾ ಕೋರ್ಟು ಆ ತಡೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಅಲ್ಲಿ ಪತ್ರಿಕೆಯ ತೀರ್ಮಾನಗಳನ್ನು ಬಹುಕಾಲದಿಂದ ವಿದ್ಯಾರ್ಥಿಗಳೇ ಮಾಡುತ್ತಿದ್ದರು, ವರದಿಯೂ ಎರಡೂ ಕಡೆಯನ್ನು ನ್ಯಾಯವಾಗಿ ನೋಡಿತ್ತು. ಕೌನ್ಸೆಲರ್ ವಿಷಯದ ನಿಮ್ಮ ಮಗಳ ವರದಿ ಇದೇ ಬಗೆಯದು. ಅದು ಶಾಲೆ ಕೊಡುವ ಸೇವೆಯ ಕುರಿತ ಸುದ್ದಿ, ಯಾರೊಬ್ಬರ ಮನೆಯ ಗುಟ್ಟಲ್ಲ.

ವಿದ್ಯಾರ್ಥಿ ಪತ್ರಿಕೆಗಳಿಗೆಂದೇ ರಕ್ಷಣೆ ಕೊಡುವ ರಾಜ್ಯ ಕಾನೂನು ಟೆಕ್ಸಾಸ್‌ನಲ್ಲಿಲ್ಲ. ಆದ್ದರಿಂದ ದಾರಿ ಸ್ಥಳೀಯ ನಿಯಮದ ಮೂಲಕವೇ. ಇವತ್ತೇ ಮಾಡಬೇಕಾದದ್ದು, ತೆಗೆಸಿದ್ದಕ್ಕೆ ಕಾರಣವನ್ನು ಬರಹದಲ್ಲಿ ಕೇಳುವುದು. ನಾಲ್ಕು ಸಾಲಿನ ಇಮೇಲ್ ಸಾಕು: ಯಾವ ಲೇಖನ, ಯಾವ ದಿನ ತೆಗೆಸಿದಿರಿ, ಯಾವ ವಾಕ್ಯಕ್ಕೆ ಆಕ್ಷೇಪ, ಮಂಡಳಿಯ ಯಾವ ನಿಯಮದಡಿ. ಬಾಯಿಮಾತಿನ ಕಾರಣ ವಾರಕ್ಕೊಮ್ಮೆ ಬದಲಾಗುತ್ತದೆ, ಬರೆದ ಕಾರಣ ಬದಲಾಗದು. ಆಮೇಲೆ ಸ್ಕೂಲ್ ಡಿಸ್ಟ್ರಿಕ್ಟಿನ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದ) ನಿಯಮಾವಳಿಯನ್ನು ತೆರೆಯಿರಿ. ಟೆಕ್ಸಾಸ್‌ನ ಬಹುತೇಕ ಡಿಸ್ಟ್ರಿಕ್ಟುಗಳಲ್ಲಿ ಶಾಲಾ ಪ್ರಕಟಣೆಗಳ ನಿಯಮ 'ಎಫ್‌ಎಂಎ' ಎಂಬ ಸಂಕೇತದಡಿ, ಪೋಷಕರ ಮತ್ತು ವಿದ್ಯಾರ್ಥಿಗಳ ದೂರಿನ ನಿಯಮ 'ಎಫ್‌ಎನ್‌ಜಿ' ಎಂಬ ಸಂಕೇತದಡಿ ಇರುತ್ತದೆ. ಎರಡರಲ್ಲೂ 'ಲೋಕಲ್' ಎಂದು ಗುರುತಿಸಿದ ಭಾಗವೇ ನಿಮ್ಮ ಡಿಸ್ಟ್ರಿಕ್ಟಿನದು. ದೂರು ಶಾಲೆಯ ಮಟ್ಟದಲ್ಲಿ ಶುರುವಾಗಿ, ಸೂಪರಿಂಟೆಂಡೆಂಟ್ ಕಚೇರಿಯ ಮೂಲಕ ಶಾಲಾ ಮಂಡಳಿಯವರೆಗೆ ಹೋಗುತ್ತದೆ. ಪ್ರತಿ ಹಂತಕ್ಕೂ ಗಡುವಿದೆ. ಸಾಮರಸ್ಯದ ಮಾತುಕತೆ ನಡೆಯುತ್ತಿದೆಯಲ್ಲ ಎಂದು ಗಡುವು ಮೀರಲು ಬಿಡಬೇಡಿ. ಮಾತುಕತೆಯೂ ನಡೆಯಲಿ, ಅರ್ಜಿಯೂ ಬಿದ್ದಿರಲಿ.

ವಾಷಿಂಗ್ಟನ್‌ನ ಸ್ಟೂಡೆಂಟ್ ಪ್ರೆಸ್ ಲಾ ಸೆಂಟರ್ 1974ರಿಂದ ಇದೇ ಕೆಲಸ ಮಾಡುತ್ತಿದೆ, ವಿದ್ಯಾರ್ಥಿ ಪತ್ರಕರ್ತರಿಗೆ ಉಚಿತವಾಗಿ ಕಾನೂನು ಸಲಹೆ ಕೊಡುತ್ತದೆ. ಅವರಿಗೆ ಮಗಳೇ ಬರೆಯಲಿ.

ಇನ್ನೊಂದು ಮಾತು. ಶಾಲೆಗೆ ಹಿಡಿತವಿರುವುದು ತನ್ನ ಪತ್ರಿಕೆಯ ಮೇಲೆ, ಮಗಳ ಬರಹದ ಮೇಲಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ವಿದ್ಯಾರ್ಥಿ ಬರೆದದ್ದರ ಹಕ್ಕು ವಿದ್ಯಾರ್ಥಿಯದೇ. ಅದೇ ವರದಿಯನ್ನು ಊರಿನ ಪತ್ರಿಕೆಗೆ ಕೊಡಲು ಅಡ್ಡಿಯಿಲ್ಲ.

ಪ್ರಶ್ನೆ: ನಾನು 11ನೇ ತರಗತಿಯ ವಿದ್ಯಾರ್ಥಿನಿ, ಶಾಲಾ ಪತ್ರಿಕೆಯಲ್ಲಿದ್ದೇನೆ. ಸೂಕ್ಷ್ಮ ವಿಷಯದ ಲೇಖನವನ್ನು ಶಾಲೆ ತಡೆಯದ ಹಾಗೆ ಬರೆಯುವುದು ಹೇಗೆ? ನಮ್ಮ ಪತ್ರಿಕೆಯ ಎರಡನೇ ಪುಟದಲ್ಲಿ "ಇದು ವಿದ್ಯಾರ್ಥಿಗಳ ಮುಕ್ತ ವೇದಿಕೆ" ಎಂದು ಅಚ್ಚು ಹಾಕಿದ್ದೇವೆ, ಅದು ಸಾಕೇ?
— ಅಟ್ಲಾಂಟಾ, ಜಾರ್ಜಿಯಾ

ಉತ್ತರ: ಅದೊಂದೇ ಸಾಲದು. ಸ್ಪೆಕ್ಟ್ರಮ್ ಕೂಡ ತನ್ನ ನೀತಿಯನ್ನು ಅಚ್ಚು ಹಾಕಿತ್ತು. ಹೊಣೆಯರಿತ ಪತ್ರಿಕೋದ್ಯಮದ ಚೌಕಟ್ಟಿನಲ್ಲಿ ಮುಕ್ತ ಅಭಿವ್ಯಕ್ತಿಗೆ ತಡೆಯಿಲ್ಲ ಎಂದು ಶಾಲಾ ಮಂಡಳಿಯ ನಿಯಮದಲ್ಲೇ ಇತ್ತು. ಆದರೂ ಕೋರ್ಟು ಒಪ್ಪಲಿಲ್ಲ. ಏಕೆಂದರೆ ನಡೆವಳಿಕೆಯಲ್ಲಿ ಸಂಪಾದಕರನ್ನು ಆರಿಸುವುದು, ಪ್ರಕಟಣೆಯ ದಿನ ಗೊತ್ತುಮಾಡುವುದು, ಯಾರು ಏನು ಬರೆಯಬೇಕೆಂದು ಹಂಚುವುದು, ಅಚ್ಚಿನವರೊಂದಿಗೆ ವ್ಯವಹರಿಸುವುದು ಎಲ್ಲವೂ ಶಿಕ್ಷಕರ ಕೈಯಲ್ಲಿತ್ತು. ಪತ್ರಿಕೆಗೆ ಅಂಕವೂ ಇತ್ತು. ಕೋರ್ಟು ಎರಡನ್ನೂ ನೋಡುತ್ತದೆ, ಬರೆದ ನೀತಿ ಏನು, ನಡೆದುಬಂದ ರೂಢಿ ಏನು. ಆದ್ದರಿಂದ ರೂಢಿಗೆ ದಾಖಲೆ ಇಡಿ. ಪ್ರತಿ ಸಂಚಿಕೆಯ ಸಭೆಯಲ್ಲಿ ಯಾವ ಬರಹ ಸೇರಿಸಬೇಕು, ಯಾವುದು ಬೇಡ ಎಂದು ವಿದ್ಯಾರ್ಥಿ ಸಂಪಾದಕರೇ ತೀರ್ಮಾನಿಸಿದ್ದನ್ನು ತಾರೀಕಿನೊಡನೆ ಒಂದು ಪುಟ ಬರೆದಿಡಿ. ಎರಡು ವರ್ಷದ ಇಂಥ ಪುಟಗಳಿಗಿರುವ ತೂಕ ಅಚ್ಚು ಹಾಕಿದ ಒಂದು ಘೋಷಣೆಗಿಲ್ಲ.

ಲೇಖನದ ವಿಷಯಕ್ಕೆ ಬರೋಣ. ತಡೆಯುವವರಿಗೆ ಸಿಗುವ ಕಾರಣಗಳನ್ನು ಮೊದಲೇ ಕಿತ್ತುಕೊಳ್ಳುವುದೇ ಉಪಾಯ, ಹೇಝಲ್‌ವುಡ್‌ನಲ್ಲಿ ಮಕ್ಕಳನ್ನು ಸೋಲಿಸಿದ ಲೋಪಗಳೇ ಇದಕ್ಕೆ ಪಾಠ. ಲೇಖನದಲ್ಲಿ ಯಾರ ಮೇಲಾದರೂ ಆಪಾದನೆ ಬಂದರೆ ಅವರನ್ನು ಕೇಳಿ. ಇಮೇಲ್ ಕಳಿಸಿ, ಕನಿಷ್ಠ 2 ಶಾಲಾ ದಿನ ಕೊಡಿ, ಉತ್ತರ ಬರದಿದ್ದರೆ "ಪ್ರತಿಕ್ರಿಯೆ ಕೇಳಿದೆವು, ಸಿಗಲಿಲ್ಲ" ಎಂದು ಲೇಖನದಲ್ಲೇ ಬರೆಯಿರಿ. ತಂದೆಯನ್ನು ಕೇಳದೆ ಬರೆದದ್ದೇ ಅಲ್ಲಿ ದೊಡ್ಡ ತಪ್ಪಾಗಿ ನಿಂತಿತು. ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮುಚ್ಚಿಹೋಗುವುದಿಲ್ಲ. ತರಗತಿ, ಕ್ರೀಡಾ ತಂಡ, ಕುಟುಂಬದ ವಿವರ ಈ ಮೂರನ್ನು ಕೂಡಿಸಿದರೆ ಸಾವಿರ ಮಕ್ಕಳ ಶಾಲೆಯಲ್ಲೂ ಒಬ್ಬಳೇ ಉಳಿಯುತ್ತಾಳೆ. ಲೇಖನವನ್ನು ಬರೆಯದ ಇಬ್ಬರು ಸಹಪಾಠಿಗಳಿಗೆ ತೋರಿಸಿ "ಇದು ಯಾರೆಂದು ಹೊಳೆಯಿತೇ?" ಎಂದು ಕೇಳಿ, ಹೊಳೆದರೆ ಒಂದು ವಿವರ ತೆಗೆಯಿರಿ. ಆರೋಗ್ಯ, ಮನೆಯ ಜಗಳದಂಥ ವಿಷಯದಲ್ಲಿ 18 ತುಂಬದವರ ಹೆಸರು ಹಾಕುವುದಾದರೆ ಅವರ ಮತ್ತು ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಪ್ರತಿ ಅಂಕಿಯ ಎದುರು ಎಲ್ಲಿಂದ ಬಂತೆಂದು ಗುರುತು ಹಾಕಿದ ಒಂದು ಪ್ರತಿ ನಿಮ್ಮ ಹತ್ತಿರವಿರಲಿ.

ಸಮಯದ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಅಚ್ಚಿಗೆ ಮೂರೇ ದಿನ ಇರುವಾಗ ಪುಟಗಳನ್ನು ಒಪ್ಪಿಸಿದರೆ "ತಿದ್ದಲು ಸಮಯವಿಲ್ಲ" ಎಂಬ ಮಾತನ್ನು ನೀವೇ ಅವರ ಬಾಯಿಗಿಟ್ಟಂತೆ. ನಿಮ್ಮ ಶಾಲೆಯಲ್ಲಿ ಪ್ರಾಂಶುಪಾಲರು ಮೊದಲು ನೋಡುವ ಪದ್ಧತಿಯಿದ್ದರೆ ಸೂಕ್ಷ್ಮ ಲೇಖನವನ್ನಷ್ಟೇ 10 ದಿನ ಮೊದಲು ಕೊಡಿ, ವಾಕ್ಯ ವಾಕ್ಯವಾಗಿ ಆಕ್ಷೇಪ ಕೇಳಿ.

ನಿಮ್ಮ ರಾಜ್ಯಕ್ಕೆ ಒಂದು ಅನುಕೂಲವಿದೆ. ಜಾರ್ಜಿಯಾ ಸೇರಿರುವ 11ನೇ ಸರ್ಕಿಟ್‌ನ (ಸರ್ಕಿಟ್ ಎಂದರೆ ಹಲವು ರಾಜ್ಯಗಳು ಕೂಡಿದ ಫೆಡರಲ್ ಕೋರ್ಟು ವಲಯ) ಮೇಲ್ಮನವಿ ಕೋರ್ಟು 1989ರಲ್ಲಿ, ಅದೂ ಅಟ್ಲಾಂಟಾ ಶಾಲೆಗಳ ಮೇಲೆಯೇ ಬಂದ ಸರ್ಸಿ ಪ್ರಕರಣದಲ್ಲಿ, ಹೇಝಲ್‌ವುಡ್ ಅಧಿಕಾರವಿದ್ದರೂ ಒಂದು ಅಭಿಪ್ರಾಯ ಹಿಡಿಸಲಿಲ್ಲವೆಂಬ ಕಾರಣಕ್ಕೇ ಅದನ್ನು ಹೊರಗಿಡುವಂತಿಲ್ಲ ಎಂದಿದೆ. 9ನೇ ಸರ್ಕಿಟ್ಟಿನದೂ ಇದೇ ನಿಲುವು. 1ನೇ ಮತ್ತು 10ನೇ ಸರ್ಕಿಟ್‌ಗಳು ಇದಕ್ಕೆ ಒಪ್ಪಿಲ್ಲ. ಆದ್ದರಿಂದ ನಿಮ್ಮ ಶಾಲೆಯಲ್ಲಿ ಸಮವಸ್ತ್ರದ ಪರವಾದ ಲೇಖನ ಅಚ್ಚಾಗಿ, ವಿರೋಧದ್ದು ತಡೆಯಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ಪ್ರಶ್ನೆ: ಪ್ರತಿ ಪುಟವನ್ನೂ ಮುಂಚಿತವಾಗಿ ತೋರಿಸಬೇಕು ಎಂದು ಪ್ರಾಂಶುಪಾಲರು ಹೇಳುತ್ತಾರೆ. ಶಾಲಾ ಮಂಡಳಿಯನ್ನು ಟೀಕಿಸಿದ ಸಂಪಾದಕೀಯ ಬೇಡ ಅಂದಿದ್ದಾರೆ. ಮಾರ್ಗದರ್ಶಕ ಶಿಕ್ಷಕಿ ಕೆಲಸ ಹೋದೀತೆಂದು ಹೆದರಿದ್ದಾರೆ.
— ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ರಾಜ್ಯದಲ್ಲಿ ಆಟದ ನಿಯಮವೇ ಬೇರೆ. ಸಂವಿಧಾನ ಕೊಡುವ ಕನಿಷ್ಠ ರಕ್ಷಣೆಗಿಂತ ಹೆಚ್ಚಿನದನ್ನು ರಾಜ್ಯ ಕೊಡಬಹುದು. ಹೇಝಲ್‌ವುಡ್‌ಗಿಂತ ಮುಂಚೆಯೇ, 1970ರ ದಶಕದಲ್ಲೇ ಕ್ಯಾಲಿಫೋರ್ನಿಯಾ ಕೊಟ್ಟಿದೆ. ಅದು ಶಿಕ್ಷಣ ಸಂಹಿತೆಯ 48907ನೇ ಕಲಮು. ಅದರ ಪ್ರಕಾರ ಸುದ್ದಿ, ಸಂಪಾದಕೀಯ, ನುಡಿಚಿತ್ರಗಳನ್ನು ಯಾರು ಬರೆಯಬೇಕೆಂದು ಹಂಚುವ ಮತ್ತು ಅವನ್ನು ತಿದ್ದುವ ಹೊಣೆ ವಿದ್ಯಾರ್ಥಿ ಸಂಪಾದಕರದು. ಭಾಷೆಯ ಮತ್ತು ಪತ್ರಿಕೋದ್ಯಮದ ಮಟ್ಟ ಕಾಯುವುದು ಶಿಕ್ಷಕರ ಕೆಲಸ. ತಡೆಯಬಹುದಾದದ್ದು ಅಶ್ಲೀಲ ಬರಹ, ಮಾನಹಾನಿ, ಮತ್ತು ಕಾನೂನುಬಾಹಿರ ಕೃತ್ಯಕ್ಕೋ ಶಾಲೆಯ ನಿಯಮಗಳ ಉಲ್ಲಂಘನೆಗೋ ಶಾಲೆಯ ಕೆಲಸ ಗಣನೀಯವಾಗಿ ಕೆಡುವುದಕ್ಕೋ ಪ್ರಚೋದಿಸಿ ಕಣ್ಣೆದುರಿಗೇ ಅಪಾಯ ತರುವ ಬರಹ. ಮಂಡಳಿಯ ಟೀಕೆ ಇದರಲ್ಲಿ ಎಲ್ಲಿಯೂ ಸೇರುವುದಿಲ್ಲ. ತಡೆಯುವುದಾದರೆ ಸಮರ್ಥನೆ ತೋರಿಸುವ ಹೊರೆ ಅಧಿಕಾರಿಗಳದು, ಅದೂ ತಡೆಯುವ ಮುನ್ನ, ವಿಳಂಬವಿಲ್ಲದೆ.

ಮುಂಚಿತವಾಗಿ ನೋಡುವುದು ಬೇರೆ, ತಡೆಯುವುದು ಬೇರೆ. ನೋಡುವುದನ್ನು ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು 1988ರ ಲೀಬ್ ಪ್ರಕರಣದಲ್ಲಿ ಒಪ್ಪಿದೆ. ಹಾಗಾಗಿ ತೋರಿಸುವುದಿಲ್ಲ ಎಂದು ಹಟ ಹಿಡಿಯಬೇಡಿ. ಆ ಜಗಳದಲ್ಲಿ ನಿಮ್ಮ ಬಲ ಕಡಿಮೆ, ಮುಂದಿನದರಲ್ಲಿ ಹೆಚ್ಚು. ಪುಟ ಕೊಡಿ. "ಬೇಡ" ಎಂದರೆ 48907ರ ಯಾವ ವರ್ಗಕ್ಕೆ ಸೇರುತ್ತದೆ ಎಂದು ಕೇಳಿ. ಪ್ರತಿ ಡಿಸ್ಟ್ರಿಕ್ಟೂ ಲಿಖಿತ ಪ್ರಕಟಣಾ ಸಂಹಿತೆ ಇಟ್ಟಿರಬೇಕೆಂದು ಇದೇ ಕಲಮು ಹೇಳುತ್ತದೆ, ಅದರ ಪ್ರತಿಯನ್ನೂ ಕೇಳಿ.

ಶಿಕ್ಷಕಿಗೆ ಈ ಮಾತನ್ನು ತಲುಪಿಸಿ: ಕಾನೂನು ರಕ್ಷಿಸುವ ವಿದ್ಯಾರ್ಥಿಯ ಪರ ನಿಂತದ್ದಕ್ಕೆ, ಅಥವಾ ಆ ಹಕ್ಕನ್ನು ಮುರಿಯಲು ಒಪ್ಪದ್ದಕ್ಕೆ ಸಿಬ್ಬಂದಿಯನ್ನು ವಜಾ ಮಾಡುವಂತಿಲ್ಲ, ಅಮಾನತು ಮಾಡುವಂತಿಲ್ಲ, ವರ್ಗ ಮಾಡುವಂತಿಲ್ಲ. ಈ ರಕ್ಷಣೆಯನ್ನು ಆಮೇಲೆ ಸೇರಿಸಿದ್ದು, 2009ರಿಂದ ಜಾರಿಯಲ್ಲಿದೆ. ಮಕ್ಕಳನ್ನು ನೇರವಾಗಿ ತಡೆಯಲಾಗದ ಕಡೆ ಒತ್ತಡ ಶಿಕ್ಷಕರ ಮೇಲೆ ಬೀಳುತ್ತದೆ ಎಂಬುದು ಕಂಡುಬಂದ ಮೇಲೆಯೇ ಈ ತಿದ್ದುಪಡಿ ಆದದ್ದು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹೊಸ ಕಾನೂನು ಬಂದಿದೆ, ಇನ್ನು ಏನು ಬೇಕಾದರೂ ಬರೆಯಬಹುದು ಎನ್ನುತ್ತಾನೆ ಮಗ. ಹೌದೇ?
— ಎಡಿಸನ್, ನ್ಯೂಜೆರ್ಸಿ

ಉತ್ತರ: ಕಾನೂನು ಬಂದಿರುವುದು ನಿಜ, 2021ರ ಡಿಸೆಂಬರಿನಲ್ಲಿ. 'ನ್ಯೂ ವಾಯ್ಸಸ್' ಎಂದು ಕರೆಯುವ, ವಿದ್ಯಾರ್ಥಿ ಪತ್ರಿಕೆಗಳಿಗೆ ರಕ್ಷಣೆ ಕೊಡುವ ಈ ಮಾದರಿಯ ಕಾನೂನು 2015ರಲ್ಲಿ ಉತ್ತರ ಡಕೋಟಾದಲ್ಲಿ ಆಗಿ, ಆಮೇಲೆ ಇಲಿನಾಯ್, ಮೇರಿಲ್ಯಾಂಡ್, ವಾಷಿಂಗ್ಟನ್ ಮುಂತಾದ ರಾಜ್ಯಗಳಿಗೆ ಹಬ್ಬಿತು. 2024ರಲ್ಲಿ ಮಿನ್ನೆಸೋಟವೂ ಸೇರಿತು. "ಏನು ಬೇಕಾದರೂ" ಎಂಬುದು ಮಾತ್ರ ನಿಜವಲ್ಲ. ಮಾನಹಾನಿ, ಅಶ್ಲೀಲತೆ, ಅನ್ಯರ ಖಾಸಗಿತನಕ್ಕೆ ಅಕಾರಣ ಧಕ್ಕೆ ಇವುಗಳಿಗೆ ರಕ್ಷಣೆಯಿಲ್ಲ. ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಮಗ ತನ್ನ ರಾಜ್ಯದ್ದನ್ನೇ ಓದಲಿ.

ಈ ಕಾನೂನಿಗೆ ಮುಂಚೆಯೇ ನಿಮ್ಮ ರಾಜ್ಯದಲ್ಲಿ ಒಬ್ಬ ಹುಡುಗ ಗೆದ್ದಿದ್ದಾನೆ. 'ಆರ್' ವರ್ಗದ (17 ತುಂಬದವರು ಹಿರಿಯರ ಜೊತೆಗೇ ನೋಡಬೇಕಾದ) ಎರಡು ಚಲನಚಿತ್ರಗಳಿಗೆ ಅವನು ಬರೆದ ವಿಮರ್ಶೆಯನ್ನು ಕ್ಲಿಯರ್‌ವ್ಯೂ ಶಾಲಾ ಮಂಡಳಿ ತಡೆದಿತ್ತು. ಬರಹದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಚಿತ್ರಗಳ ವರ್ಗವೇ ಕಾರಣ. 1994ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟು ಹೇಝಲ್‌ವುಡ್ ಅಳತೆಗೋಲನ್ನೇ ಹಿಡಿದು, ಸ್ಪಷ್ಟ ನೀತಿಯಿಲ್ಲದೆ ತೋಚಿದಂತೆ ತಡೆದ ಶಾಲೆಯದು ತಪ್ಪು ಎಂದಿತು.

ಪ್ರಶ್ನೆ: ಮಕ್ಕಳ ಹೆಸರು ಹಾಕಿದರೆ 'ಫೆರ್ಪಾ' ಕಾನೂನು ಮುರಿದಂತೆ ಎನ್ನುತ್ತಾರೆ ಶಾಲೆಯವರು. ಖಾಸಗಿ ಶಾಲೆಯಾದರೆ ಹೇಗೆ?
— ಷಿಕಾಗೊ, ಇಲಿನಾಯ್

ಉತ್ತರ: 1974ರ ಫೆರ್ಪಾ ಕಾಯುವುದು ಶಾಲೆಯ ಬಳಿಯಿರುವ ವಿದ್ಯಾರ್ಥಿ ದಾಖಲೆಗಳನ್ನು, ಅಂದರೆ ಅಂಕಪಟ್ಟಿ, ಶಿಸ್ತುಕ್ರಮದ ಕಡತ ಇತ್ಯಾದಿ. ವಿದ್ಯಾರ್ಥಿ ವರದಿಗಾರ ತಾನೇ ಮಾತಾಡಿಸಿ ಬರೆದುಕೊಂಡದ್ದು ಶಾಲೆಯ ದಾಖಲೆಯಲ್ಲ. ಕಚೇರಿಯ ಕಡತ ಕದ್ದು ನೋಡಿ ಬರೆದರೆ ಅದು ಬೇರೆಯೇ ತೊಂದರೆ.

ಮಾತಿನ ಹಕ್ಕನ್ನು ಕಾಯುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಹಾಗಾಗಿ ಖಾಸಗಿ ಶಾಲೆಗೆ ತಗುಲದು. ಅಲ್ಲಿ ಶಾಲೆಯ ಕೈಪಿಡಿಯಲ್ಲಿ ಏನು ಬರೆದಿದೆಯೋ ಅದೇ ಆಧಾರ. ಕ್ಯಾಲಿಫೋರ್ನಿಯಾ ಮಾತ್ರ 1992ರ ಲೆನಾರ್ಡ್ ಕಾನೂನಿನ ಮೂಲಕ ಧಾರ್ಮಿಕವಲ್ಲದ ಖಾಸಗಿ ಹೈಸ್ಕೂಲುಗಳ ಮಕ್ಕಳಿಗೂ ರಕ್ಷಣೆ ಕೊಟ್ಟಿದೆ.

ಪ್ರಶ್ನೆ: ಶಾಲಾ ಪತ್ರಿಕೆಯ ಸಹವಾಸವೇ ಬೇಡವೆಂದು ಮಗ ಮತ್ತು ಗೆಳೆಯರು ಸ್ವಂತ ಜಾಲತಾಣ ಮಾಡಿದ್ದಾರೆ. ಶಾಲೆ ಶಿಕ್ಷಿಸಬಹುದೇ?
— ಓದುಗರೊಬ್ಬರು, ಮಿಸ್ಸೂರಿ

ಉತ್ತರ: ಸ್ವಂತ ದುಡ್ಡು, ಸ್ವಂತ ಸಾಧನ, ಶಾಲೆಯ ಹೆಸರು ಮತ್ತು ಲಾಂಛನ ಇಲ್ಲ ಎಂದಾದರೆ ಹೇಝಲ್‌ವುಡ್ ಅನ್ವಯಿಸದು. ಅಲ್ಲಿ ನಡೆಯುವುದು 1969ರ ಟಿಂಕರ್ ತೀರ್ಪು. 1965ರಲ್ಲಿ ಅಯೋವಾದ ಡೆಮಾಯಿನ್‌ನಲ್ಲಿ ವಿಯೆಟ್ನಾಂ ಯುದ್ಧದ ವಿಷಯವಾಗಿ ಕಪ್ಪು ತೋಳುಪಟ್ಟಿ ಕಟ್ಟಿ ಬಂದ ಮಕ್ಕಳ ಪ್ರಕರಣ ಅದು. ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾಗುತ್ತದೆ ಎಂದೋ, ಇತರರ ಹಕ್ಕಿಗೆ ಧಕ್ಕೆ ಬರುತ್ತದೆ ಎಂದೋ ತೋರಿಸದೆ ಶಿಕ್ಷಿಸುವಂತಿಲ್ಲ. 2021ರಲ್ಲಿ ಪೆನ್ಸಿಲ್ವೇನಿಯಾದ ಮಹನೋಯ್ ಪ್ರಕರಣದಲ್ಲಿ, ವಾರಾಂತ್ಯದಲ್ಲಿ ಶಾಲೆಯ ಹೊರಗಿನಿಂದ ಸ್ನ್ಯಾಪ್‌ಚಾಟ್‌ನಲ್ಲಿ ಶಾಲೆಯನ್ನು ಬೈದ ಹುಡುಗಿಯ ಪರವಾಗಿ ಸುಪ್ರೀಂ ಕೋರ್ಟು 8–1ರಿಂದ ತೀರ್ಪಿತ್ತಿತು. ಆದರೆ ಬೆದರಿಕೆ ಮತ್ತು ಒಬ್ಬರನ್ನೇ ಗುರಿಯಾಗಿಸಿದ ಪೀಡನೆಗೆ ಆ ತೀರ್ಪು ರಕ್ಷಣೆ ಕೊಟ್ಟಿಲ್ಲ.

ಹುಡುಗರಿಗೆ ಎರಡು ಎಚ್ಚರಿಕೆ. ಶಾಲೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಒಂದಕ್ಷರವೂ ಬೇಡ. ಇನ್ನು, ಮಾನಹಾನಿಯ ದಾವೆ ಬಂದರೆ ಹೊಣೆ ಹೊರಲು ಇಲ್ಲಿ ಶಾಲೆ ಇರುವುದಿಲ್ಲ, ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಭಿತ್ತಿಪತ್ರಿಕೆ, ವಾರ್ಷಿಕ ಸಂಚಿಕೆ ಎರಡೂ ಇವೆ. ಆಡಳಿತ ಮಂಡಳಿಯವರು ಅಮೆರಿಕದ ತೀರ್ಪು ತೋರಿಸಿ ಮಕ್ಕಳ ಬರಹ ತೆಗೆಯುತ್ತಿದ್ದಾರೆ. ಅದು ಇಲ್ಲಿ ನಡೆಯುತ್ತದೆಯೇ?
— ಶಿಕ್ಷಕರೊಬ್ಬರು, ಮೈಸೂರು

ಉತ್ತರ: ಹೇಝಲ್‌ವುಡ್ ನಮ್ಮ ಯಾವ ಶಾಲೆಯನ್ನೂ ಕಟ್ಟಿಹಾಕುವುದಿಲ್ಲ, ಯಾವ ಶಾಲೆಗೂ ಅಧಿಕಾರ ಕೊಡುವುದಿಲ್ಲ. ನಮ್ಮಲ್ಲಿ ಮಾತಿನ ಹಕ್ಕು ಸಂವಿಧಾನದ 19(1)(ಎ) ವಿಧಿಯದು, ಮಿತಿಗಳು 19(2)ರವು. ಆ ಹಕ್ಕು ಶಾಲೆಯ ಬಾಗಿಲಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ 1986ರ ಬಿಜೋ ಇಮ್ಯಾನುಯೆಲ್ ತೀರ್ಪು ಸಾಕ್ಷಿ. ಧಾರ್ಮಿಕ ನಂಬಿಕೆಯಿಂದ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಹೊರಹಾಕಿದ್ದು ತಪ್ಪೆಂದು, ಅವರನ್ನು ಮರಳಿ ಸೇರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟು ಹೇಳಿತು.

ನಿಮ್ಮ ಕೈಯಲ್ಲಿರುವ ಕೆಲಸ ಒಂದು ಪುಟದ ಸಂಪಾದಕೀಯ ನಿಯಮ ಬರೆಸುವುದು. ಮಕ್ಕಳಲ್ಲಿ ಯಾರು ಸಂಪಾದಕರು, ತಕರಾರು ಬಂದರೆ ಯಾರು ಎಷ್ಟು ದಿನದಲ್ಲಿ ತೀರ್ಮಾನಿಸಬೇಕು, ಬರಹ ತೆಗೆದರೆ ಬರೆದ ಮಗುವಿಗೆ ಕಾರಣವನ್ನು ಲಿಖಿತವಾಗಿ ಕೊಡಬೇಕು ಎಂಬಿಷ್ಟು ಅದರಲ್ಲಿದ್ದರೆ ಸಾಕು. ವರ್ಷದ ಆರಂಭದಲ್ಲೇ, ಯಾವ ಬರಹವೂ ಮುಂದಿಲ್ಲದಾಗ ಇದಕ್ಕೆ ಸಹಿ ಹಾಕಿಸಿ. ಜಗಳ ಶುರುವಾದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಒಂದು ಗೆರೆಯನ್ನು ಮಾತ್ರ ನೀವೇ ಕಾಯಬೇಕು. ಕಾನೂನಿನೊಡನೆ ಸಂಘರ್ಷಕ್ಕೆ ಬಂದ, ಆರೈಕೆ ರಕ್ಷಣೆ ಬೇಕಾದ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ ಮುಂತಾಗಿ ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತದೆ. 6 ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಮೂ ಇದೆ. 74ನೇ ಕಲಮು ಹೇಳುವುದು ವೃತ್ತಪತ್ರಿಕೆ, ನಿಯತಕಾಲಿಕಗಳನ್ನಷ್ಟೇ ಅಲ್ಲ, ಸಂವಹನದ ಇತರ ರೂಪಗಳನ್ನೂ. ಅಲ್ಲದೆ, ಶಾಲೆಯ ಗೋಡೆಯ ಮೇಲಿನ ಬರಹ ಆ ಮಗುವನ್ನು ಬಲ್ಲವರ ಕಣ್ಣಿಗೇ ಮೊದಲು ಬೀಳುವುದರಿಂದ ಭಿತ್ತಿಪತ್ರಿಕೆಗೂ ಇದೇ ನಿಯಮ ಪಾಲಿಸಿ. ಇಂಥ ಬರಹ ಬಂದರೆ ಇಡೀ ಬರಹ ತೆಗೆಯಬೇಡಿ. ಗುರುತಿನ ವಿವರವನ್ನಷ್ಟೇ ತೆಗೆದು, ಬರೆದವರನ್ನು ಕೂರಿಸಿಕೊಂಡು ಉಳಿದದ್ದನ್ನು ತಿದ್ದಿಸಿ, ಅದೇ ವಾರ ಗೋಡೆಗೆ ಅಂಟಿಸಿ.